ಮನೆಯ ತೊಟ್ಟಿಗೆ ಪೈಕ್ ಸಿಕ್ಲಿಡ್: ಗುರುತಿಸುವ ಬಗೆ, ಆರಿಸುವ ಬಗೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವುಳ್ಳವರಲ್ಲಿ ಬಹುಮಂದಿ ಒಂದಲ್ಲ ಒಂದು ದಿನ ಪೈಕ್ ಸಿಕ್ಲಿಡ್‌ಗಳ ಮೋಹಕ್ಕೆ ಒಳಗಾಗುತ್ತಾರೆ. ನಾನೂ ಒಳಗಾದೆನು. ಅಂಗಡಿಯ ಮೂಲೆಯ ತೊಟ್ಟಿಯೊಂದರಲ್ಲಿ ಬೆರಳುದ್ದದ ಮೂರು ಮೀನುಗಳು ಕೊರಡಿನ ನೆರಳಿನಲ್ಲಿ ಅಲುಗಾಡದೆ ನಿಂತಿದ್ದುವು. ಮೈಯುದ್ದಕ್ಕೂ ಒಂದು ಕಪ್ಪು ಪಟ್ಟೆ, ತಲೆಯ ಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಚುಕ್ಕೆಗಳು, ನಾವು ಎತ್ತ ಸರಿದರೂ ಅತ್ತಲೇ ಹೊರಳುವ ಕಣ್ಣುಗಳು. “ಇದು ಕುಳ್ಳ ಜಾತಿ ಸಾರ್, ಇದಕ್ಕಿಂತ ಹೆಚ್ಚು ಬೆಳೆಯೋದಿಲ್ಲ” ಎಂದರು ಅಂಗಡಿಯವರು. ಅವರು ಸುಳ್ಳು ಹೇಳಲಿಲ್ಲ. ಅವರಿಗೂ ಯಾರೋ ಹಾಗೆಂದೇ ಹೇಳಿ ಮಾರಿದ್ದರು. ಮೊದಲನೆಯ ತಿಂಗಳಲ್ಲಿ ನನ್ನ ತೊಟ್ಟಿಯಲ್ಲಿದ್ದ ನಿಯಾನ್ ಟೆಟ್ರಗಳು ಒಂದೊಂದಾಗಿ ಕಾಣೆಯಾದುವು. ಆರು ತಿಂಗಳಾಗುವಷ್ಟರಲ್ಲಿ ಮೂರು ಪೈಕ್‌ಗಳಲ್ಲಿ ಒಂದೇ ಉಳಿಯಿತು. ಹದಿನಾಲ್ಕನೆಯ ತಿಂಗಳಲ್ಲಿ ಅದು ಒಂದು ಅಡಿ ಉದ್ದವಾಗಿ, ಮೂರಡಿಯ ತೊಟ್ಟಿಯಲ್ಲಿ ಹಿಂದಿರುಗಿ ತಿರುಗಲು ಕಷ್ಟಪಡುತ್ತಿತ್ತು. ಅದು ಎಷ್ಟು ದೊಡ್ಡದಾಗುವುದೆಂಬುದನ್ನು ತಲೆಯ ಮೇಲಿನ ಆ ಚುಕ್ಕೆಗಳೇ ಮೊದಲ ದಿನದಿಂದ ಹೇಳುತ್ತಿದ್ದುವೆಂದೂ, ಓದಲು ನನಗೆ ಬಾರದೆ ಹೋಯಿತೆಂದೂ ಆಮೇಲೆ ತಿಳಿಯಿತು. ಆ ಓದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನವನ್ನು ಬರೆದಿದ್ದೇನೆ.

ಸಿಕ್ಲಿಡ್‌ಗಳೆಂಬುದು ಒಂದು ದೊಡ್ಡ ಮತ್ಸ್ಯಕುಟುಂಬ. ನಮ್ಮ ಕೆರೆಗಳಲ್ಲೆಲ್ಲ ಹರಡಿರುವ ತಿಲಾಪಿಯ ಈ ಕುಟುಂಬಕ್ಕೆ ಸೇರಿದುದು. ಆದರೆ ಅದು ಆಫ್ರಿಕ ಮೂಲದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದುದು. ಭಾರತದಲ್ಲಿ ಹುಟ್ಟಿ ಬೆಳೆದ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳಲ್ಲೊಂದು ದಕ್ಷಿಣ ಕನ್ನಡ ಸೀಮೆಯ ಹೊಳೆಗಳ ಮೀನು. ಅದರ ಶಾಸ್ತ್ರೀಯ ಹೆಸರಿನಲ್ಲಿಯೇ ಕೆನರ ಎಂಬ ಪದವು ಸೇರಿಕೊಂಡಿದೆ. ಈ ಮೂರೂ ಅಗಲ ಮೈಯ ಸಾಧು ಮೀನುಗಳು. ಪೈಕ್ ಸಿಕ್ಲಿಡ್‌ಗಳಾದರೋ ಇವುಗಳ ದೂರದ ನಂಟರು ಮಾತ್ರ. ಅವುಗಳ ತವರು ದಕ್ಷಿಣ ಅಮೆರಿಕ. ಆಂಡೀಸ್ ಪರ್ವತಗಳ ಪೂರ್ವಕ್ಕೆ ಅಮೆಜಾನ್, ಒರಿನೋಕೊ, ಪರಾನ, ಉರುಗ್ವೆ ಮುಂತಾದ ನದಿಗಳಲ್ಲಿಯೂ, ಟ್ರಿನಿಡಾಡ್ ದ್ವೀಪದಲ್ಲಿಯೂ ಅವು ವಾಸಿಸುತ್ತವೆ. ಅಮೆಜಾನ್ ತೀರದ ಬ್ರೆಜಿಲ್ ಜನರು ಅವನ್ನು ‘ಜಕುಂಡ’ ಎಂದು ಕರೆಯುತ್ತಾರೆ. ಇದುವರೆಗೆ ಹೆಸರು ಪಡೆದಿರುವ ಪ್ರಭೇದಗಳು ಸುಮಾರು ನೂರು.

ಯೂರೋಪಿನ ಪೈಕ್ ಮೀನಿಗೂ ಇವುಗಳಿಗೂ ರಕ್ತಸಂಬಂಧವಿಲ್ಲ. ಒಂದೇ ಬಗೆಯ ಕಸುಬು ಒಂದೇ ಬಗೆಯ ಮೈಕಟ್ಟನ್ನು ಕೊಟ್ಟಿದೆ, ಅಷ್ಟೆ. ಮೈ ಉದ್ದವಾಗಿ ಉರುಳೆಯಂತಿರುತ್ತದೆ. ಬಾಯಿ ಬಹಳ ಅಗಲ. ಕೆಳದವಡೆ ಮೇಲ್ದವಡೆಗಿಂತ ಮುಂದಕ್ಕೆ ಚಾಚಿರುತ್ತದೆ. ನಮ್ಮ ಕೆರೆಯ ಕೊರಮೀನು ಹೊಂಚುವುದನ್ನು ಕಂಡವರಿಗೆ ಇದರ ಬೇಟೆಯ ಕ್ರಮವನ್ನು ವಿವರಿಸಬೇಕಾಗಿಲ್ಲ. ಮರೆಯಲ್ಲಿ ನಿಶ್ಚಲವಾಗಿ ನಿಂತಿದ್ದು, ಬಾಲವನ್ನು ಒಮ್ಮೆ ಬೀಸಿ, ರೆಪ್ಪೆ ಹೊಡೆಯುವುದರೊಳಗೆ ಆಹಾರವನ್ನು ನುಂಗಿ ಮತ್ತೆ ಹಿಂದಿನ ಸ್ಥಳಕ್ಕೇ ಬಂದು ನಿಲ್ಲುತ್ತದೆ.

ಈ ಬೇಟೆಗಾರನು ಜೀವವಿಕಾಸದ ಅಧ್ಯಯನದಲ್ಲಿ ಒಂದು ಮುಖ್ಯವಾದ ಸ್ಥಾನವನ್ನು ಪಡೆದಿದ್ದಾನೆಂಬುದನ್ನು ಇಲ್ಲಿ ಹೇಳದೆ ಇರಲಾರೆ. ಟ್ರಿನಿಡಾಡ್ ದ್ವೀಪದ ಉತ್ತರದ ಬೆಟ್ಟಸಾಲಿನಿಂದ ಇಳಿದು ಬರುವ ತೊರೆಗಳಲ್ಲಿ ಗಪ್ಪಿ ಮೀನುಗಳಿವೆ. ಜಲಪಾತಗಳ ಕೆಳಗೆ ಗಪ್ಪಿಯೊಡನೆ ಪೈಕ್ ಸಿಕ್ಲಿಡ್ ಇರುತ್ತದೆ. ಮೇಲಕ್ಕೆ ಅದು ಹತ್ತಲಾರದು. ಕೆಳಗಿನ ಗಂಡು ಗಪ್ಪಿಗಳು ಮಂಕು ಬಣ್ಣದವು. ಬೇಗನೆ, ಚಿಕ್ಕ ಗಾತ್ರದಲ್ಲಿಯೇ ಪ್ರಾಯಕ್ಕೆ ಬರುತ್ತವೆ. ಮೇಲಿನವು ಬಣ್ಣದ ಚುಕ್ಕೆಗಳಿಂದ ಕಂಗೊಳಿಸುತ್ತವೆ, ನಿಧಾನವಾಗಿ ಬೆಳೆಯುತ್ತವೆ. ಜಾನ್ ಎಂಡ್ಲರ್ ಎಂಬ ವಿಜ್ಞಾನಿಯು 1976ರಲ್ಲಿ ಕೆಳಗಿನ ಗಪ್ಪಿಗಳನ್ನು, ಗಪ್ಪಿಯೂ ಪೈಕ್ ಸಿಕ್ಲಿಡ್ಡೂ ಇಲ್ಲದ ಮೇಲ್ಭಾಗದ ನೀರಿಗೆ ಒಯ್ದು ಬಿಟ್ಟರು. ಎರಡು ವರ್ಷಗಳೊಳಗೆ ಅವುಗಳ ಸಂತತಿಯಲ್ಲಿ ಬಣ್ಣವು ಏರಿತು. ಹನ್ನೊಂದು ವರ್ಷಗಳ ತರುವಾಯ ಪ್ರಾಯಕ್ಕೆ ಬರುವ ವಯಸ್ಸು ಕೂಡ ಬದಲಾಗಿದ್ದುದನ್ನು ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು 1990ರಲ್ಲಿ ವರದಿಮಾಡಿದರು. ವೈರಿಯ ಬಾಯಿ ತಪ್ಪಿದೊಡನೆ ಒಂದು ಜೀವಿಯ ಬಾಳಿನ ಕ್ರಮವೇ ಮಾರ್ಪಡುವುದೆಂದರೆ ಆ ಬಾಯಿಯ ಪ್ರಭಾವವೆಷ್ಟೆಂಬುದನ್ನು ಊಹಿಸಬಹುದು. ಗಪ್ಪಿಗಳಿರುವ ತೊಟ್ಟಿಗೆ ಪೈಕ್ ಸಿಕ್ಲಿಡ್ಡನ್ನು ತಂದು ಬಿಡುವವರು ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಇನ್ನೊಂದು ಮಾತು: ಆ ಸಂಶೋಧನೆಯ ಹಳೆಯ ಪ್ರಬಂಧಗಳಲ್ಲಿ ಈ ಮೀನಿನ ಹೆಸರು ‘ಆಲ್ಟ’ ಎಂದಿದೆ, ಟ್ರಿನಿಡಾಡಿನ ಮೀನಿನ ಸರಿಯಾದ ಹೆಸರು ‘ಫ್ರೆನಾಟ’. ಪಂಡಿತರ ಬರಹಗಳಲ್ಲಿಯೇ ಹೆಸರು ಹೀಗೆ ತೊಡಕಾದರೆ ಅಂಗಡಿಯ ಚೀಟಿಯಲ್ಲಿ ತೊಡಕಾಗುವುದೇನು ಆಶ್ಚರ್ಯ?

ಹೆಸರಿನ ತೊಡಕು ಹಳೆಯದು. ಈ ಗುಂಪಿನ ಒಂದು ಮೀನನ್ನು ಲಿನೀಯಸ್ 1758ರಲ್ಲಿಯೇ ‘ಸ್ಯಾಕ್ಸಾಟಿಲಿಸ್’ ಎಂದು ಕರೆದಿದ್ದನು. ಯೋಹಾನ್ ನಾಟೆರರ್ ಎಂಬ ಆಸ್ಟ್ರಿಯದ ಸಂಗ್ರಾಹಕನು 1817ರಲ್ಲಿ ಬ್ರೆಜಿಲಿಗೆ ಹೋಗಿ ಸುಮಾರು ಹದಿನೆಂಟು ವರ್ಷ ಅಲ್ಲಿಯೇ ಅಲೆದು ಕಳುಹಿಸಿದ ಮೀನುಗಳನ್ನು ವಿಯೆನ್ನದಲ್ಲಿ ಪರೀಕ್ಷಿಸಿ, ಹೆಕೆಲ್ ಎಂಬಾತನು 1840ರಲ್ಲಿ ‘ಕ್ರೆನಿಸಿಕ್ಲ’ ಎಂಬ ಕುಲವನ್ನು ಸ್ಥಾಪಿಸಿದನು. ಕೆನ್ನೆಯ ಎಲುಬಿನ ಹಿಂಬದಿಯ ಅಂಚು ಗರಗಸದಂತೆ ಕಚ್ಚುಕಚ್ಚಾಗಿರುವುದರಿಂದ ಆ ಹೆಸರು. ಪಾಪ, ಹೆಕೆಲನ ಕೈಯಲ್ಲಿದ್ದವು ಬಣ್ಣ ಮಾಸಿದ ಸತ್ತ ಮೀನುಗಳು. ಅವನು ಲುಗೂಬ್ರಿಸ್ ಎಂದೂ ಫ್ಯುನೆಬ್ರಿಸ್ ಎಂದೂ ಎರಡು ಪ್ರಭೇದಗಳಾಗಿ ವಿವರಿಸಿದ ಮೀನುಗಳು ಒಂದೇ ಎಂದು ಆಮೇಲೆ ಗೊತ್ತಾಯಿತು. ಎರಡು ಹೆಸರುಗಳಿಗೂ ಸೂತಕದ ಅರ್ಥವೇ ಇರುವುದೊಂದು ವಿನೋದ. 1905ರಲ್ಲಿ ಲಂಡನ್ನಿನ ರೀಗನ್ ಇಡೀ ಕುಲವನ್ನು ಪರಿಷ್ಕರಿಸಿದನು. 1980ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಲೆಕ್ಸ್ ಪ್ಲೂಗ್, ಸ್ವೀಡನ್ನಿನ ಸ್ವೆನ್ ಕುಲಾಂಡರ್ ಮೊದಲಾದವರು ಹಲವು ಹೊಸ ಪ್ರಭೇದಗಳನ್ನು ಬೇರ್ಪಡಿಸಿದರು. ಕೊನೆಗೆ 2023ರಲ್ಲಿ, ಅನುವಂಶಿಕ ದ್ರವ್ಯದ ಪರೀಕ್ಷೆಯ ಆಧಾರವೂ ಸೇರಿ, ಹಳೆಯ ಕ್ರೆನಿಸಿಕ್ಲ ಕುಲವು ಹಲವಾಗಿ ಒಡೆಯಿತು. ಆದುದರಿಂದ ಹಳೆಯ ಪುಸ್ತಕದಲ್ಲಿ ಕ್ರೆನಿಸಿಕ್ಲ ಎಂದಿರುವ ಮೀನು ಹೊಸ ಪಟ್ಟಿಯಲ್ಲಿ ವಾಲೇಸಿಯ, ಸ್ಯಾಕ್ಸಾಟಿಲಿಯ ಅಥವಾ ಲುಗೂಬ್ರಿಯ ಎಂದು ಕಾಣಿಸಿಕೊಂಡರೆ ಗಾಬರಿಯಾಗಬೇಕಾಗಿಲ್ಲ. ಸಾಕುವವರಿಗೆ ಇದು ಒಂದು ರೀತಿಯಲ್ಲಿ ಉಪಕಾರವೇ ಆಗಿದೆ. ಏಕೆಂದರೆ ಈ ಮೂರು ಹೆಸರುಗಳು ಬಹುಮಟ್ಟಿಗೆ ಚಿಕ್ಕವು, ನಡುವಿನವು, ದೊಡ್ಡವು ಎಂಬ ಮೂರು ಗಾತ್ರಗಳಿಗೆ ಸರಿಹೊಂದುತ್ತವೆ.

ಕೊಳ್ಳುವವನು ಮೊದಲು ತಿಳಿಯಬೇಕಾದುದು ಮೀನಿನ ಪೂರ್ಣ ಹೆಸರನ್ನಲ್ಲ, ಅದು ಈ ಮೂರರಲ್ಲಿ ಯಾವ ಗುಂಪಿನದೆಂಬುದನ್ನು. ಪ್ರಭೇದವನ್ನು ತಪ್ಪಿದರೆ ಹೆಚ್ಚಿನ ನಷ್ಟವಿಲ್ಲ. ಗುಂಪನ್ನು ತಪ್ಪಿದರೆ ಹತ್ತು ಸೆಂಟಿಮೀಟರಿನ ಮೀನೆಂದು ನಲವತ್ತು ಸೆಂಟಿಮೀಟರಿನ ಮೀನನ್ನು ಮನೆಗೆ ತಂದಂತಾಗುವುದು.

ಕುಳ್ಳರ ಗುಂಪಿಗೆ ‘ವಾಲೇಸಿಯೈ’ ಗುಂಪೆಂದು ರೂಢಿಯ ಹೆಸರು. ಆಲ್‌ಫ್ರೆಡ್ ರಸೆಲ್ ವಾಲೇಸನ ಸ್ಮರಣೆಗೆ ರೀಗನ್ ಇಟ್ಟ ಹೆಸರಿದು. ವಾಲೇಸನು ಅಮೆಜಾನಿನಿಂದ 1852ರಲ್ಲಿ ಹಿಂದಿರುಗುವಾಗ ಹಡಗಿಗೆ ಬೆಂಕಿ ಬಿದ್ದು ಸಂಗ್ರಹವು ಸಮುದ್ರದ ಪಾಲಾಯಿತು. ನೀಗ್ರೋ ನದಿಯ ಮೀನುಗಳನ್ನು ನೋಡಿ ಅವನು ಬರೆದಿದ್ದ ಪೆನ್ಸಿಲ್ ಚಿತ್ರಗಳು ಮಾತ್ರ ಉಳಿದುಕೊಂಡುವು. ಈ ಗುಂಪಿನವು ಸಾಮಾನ್ಯವಾಗಿ 12 ಸೆಂಟಿಮೀಟರನ್ನು ಮೀರುವುದಿಲ್ಲ. ಪೇಟೆಯಲ್ಲಿ ಹೆಚ್ಚಾಗಿ ದೊರೆಯುವುದು ‘ರೀಗನಿ’. ಗಂಡು 8ರಿಂದ 10 ಸೆಂಟಿಮೀಟರ್, ಹೆಣ್ಣು ಇನ್ನೂ ಚಿಕ್ಕದು. ‘ನೋಟಾಫ್ಥಾಲ್ಮಸ್’ ಎಂಬುದಕ್ಕೆ ಬೆನ್ನುಗಣ್ಣಿನ ಮೀನೆಂದು ಅರ್ಥ. ಹೆಣ್ಣಿನ ಬೆನ್ನಿನ ಈಜುರೆಕ್ಕೆಯ ಮೇಲೆ ಬಿಳಿಯ ಅಂಚುಳ್ಳ ಕಪ್ಪು ಬೊಟ್ಟುಗಳು ನವಿಲುಗರಿಯ ಕಣ್ಣಿನಂತೆ ಇರುತ್ತವೆ. ರೀಗನಿಯ ಹೆಣ್ಣಿಗೂ ಇಂತಹ ಬೊಟ್ಟು ಇರುವುದುಂಟು. ‘ಕಂಪ್ರೆಸಿಸೆಪ್ಸ್’ ಎಲ್ಲಕ್ಕಿಂತ ಚಿಕ್ಕವುಗಳಲ್ಲೊಂದು. ಟೊಕಾಂಟಿನ್ಸ್ ನದಿಯ ಬಂಡೆಗಳ ನಡುವಿನ ಹರಿಯುವ ನೀರಿನಲ್ಲಿರುವುದರಿಂದ ಅದಕ್ಕೆ ತೊಟ್ಟಿಯಲ್ಲಿಯೂ ನೀರಿನ ಸೆಳೆತವು ಬೇಕು.

ನಡುವಿನ ಗಾತ್ರದವು ‘ಸ್ಯಾಕ್ಸಾಟಿಲಿಸ್’ ಗುಂಪಿನವು. ಹೆಚ್ಚಿನವು 15ರಿಂದ 25 ಸೆಂಟಿಮೀಟರ್ ಬೆಳೆಯುತ್ತವೆ. ಇವುಗಳ ಮುಖ್ಯ ಗುರುತು ಭುಜದ ಬೊಟ್ಟು. ಕಿವಿರುಮುಚ್ಚಳದ ಹಿಂದೆ, ಎದೆಯ ಈಜುರೆಕ್ಕೆಗಿಂತ ಸ್ವಲ್ಪ ಮೇಲೆ ಒಂದು ದೊಡ್ಡ ಕಪ್ಪು ಮಚ್ಚೆಯಿದ್ದು, ಅನೇಕ ವೇಳೆ ಅದರ ಸುತ್ತ ಬೆಳ್ಳಿಯ ಅಂಚಿರುತ್ತದೆ. ಬಾಲದ ಬುಡದಲ್ಲಿಯೂ ಅಂತಹುದೇ ಚಿಕ್ಕ ಬೊಟ್ಟಿರುತ್ತದೆ. ಮೂತಿಯಿಂದ ಕಣ್ಣನ್ನು ಹಾದು ಹೋಗುವ ಗೆರೆ ಎಲ್ಲ ಪೈಕ್ ಸಿಕ್ಲಿಡ್‌ಗಳಿಗೂ ಸಾಮಾನ್ಯವಾದುದರಿಂದ ಅದನ್ನು ನೆಚ್ಚಬಾರದು. ಪೆರಗ್ವೆ ನದಿಯ ಕಡೆಯ ‘ಲೆಪಿಡೋಟ’, ಟ್ರಿನಿಡಾಡಿನ ‘ಫ್ರೆನಾಟ’ ಇವೆಲ್ಲ ಈ ಗುಂಪಿನವು. ಹೊಸದಾಗಿ ಸಾಕಲು ತೊಡಗುವವರಿಗೆ ನನ್ನ ಮಟ್ಟಿಗೆ ಲೆಪಿಡೋಟವೇ ಉತ್ತಮ: ಗಟ್ಟಿ ಮೀನು, ನೀರಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಸಹಿಸುತ್ತದೆ.

ದೊಡ್ಡವುಗಳು ‘ಲುಗೂಬ್ರಿಸ್’ ಗುಂಪಿನವು: ಲುಗೂಬ್ರಿಸ್, ಸ್ಟ್ರಿಗಾಟ, ಮಾರ್ಮೊರಾಟ, ಜೊಹಾನ ಮುಂತಾದುವು. ಬೆಳೆದಾಗ 25ರಿಂದ 40 ಸೆಂಟಿಮೀಟರ್. ವಂಚನೆಯಾಗುವುದೆಲ್ಲ ಇಲ್ಲಿಯೇ. ಇವುಗಳ ಮರಿಗಳು ತಾಯಿತಂದೆಗಳನ್ನು ಹೋಲುವುದೇ ಇಲ್ಲ. ಬೆಳೆದ ಸ್ಟ್ರಿಗಾಟ ಹಸುರು ಬೂದು ಬಣ್ಣದ ಗಂಭೀರ ಮೀನು. ಅದರ ಮರಿಯಾದರೋ ಉದ್ದಪಟ್ಟೆ, ತಲೆಯ ಮೇಲೆ ಚುಕ್ಕೆ, ಹೀಗೆ ಮದುವೆಯ ಮನೆಯ ರಂಗವಲ್ಲಿಯಂತಿರುತ್ತದೆ. ಶಿಂಗು ನದಿಯಿಂದ ಬರುವ ಒಂದು ಬಗೆಯ ಮರಿಗಳು ಕಿತ್ತಳೆ ಹಣ್ಣಿನ ಬಣ್ಣದವು; ಬೆಳೆಯುತ್ತ ಆ ಬಣ್ಣವು ಅಳಿಸಿಹೋಗುತ್ತದೆ. ಬಣ್ಣವನ್ನು ನೋಡಿ ಹಣ ಕೊಟ್ಟವನಿಗೆ ವರ್ಷದ ಮೇಲೆ ಬಣ್ಣವೂ ಉಳಿಯುವುದಿಲ್ಲ, ತೊಟ್ಟಿಯಲ್ಲಿ ಸ್ಥಳವೂ ಉಳಿಯುವುದಿಲ್ಲ.

ಹಾಗಾದರೆ ಬೆರಳುದ್ದದ ಮೀನನ್ನು ಕಂಡು ಗುಂಪನ್ನು ನಿರ್ಧರಿಸುವುದು ಹೇಗೆ? ಮೊದಲನೆಯದಾಗಿ ತಲೆಯನ್ನು ನೋಡಬೇಕು. ನೆತ್ತಿಯ ಮೇಲೂ ಮೂತಿಯ ಮೇಲೂ ಸ್ಪಷ್ಟವಾದ ಸಣ್ಣ ಚುಕ್ಕೆಗಳು ಚೆಲ್ಲಿದ್ದರೆ ಅದು ದೊಡ್ಡವರ ಮರಿಯೆಂದೇ ತಿಳಿಯಬೇಕು. ಆದರೆ ಚುಕ್ಕೆಯಿಲ್ಲದ ಮಾತ್ರಕ್ಕೆ ಕುಳ್ಳ ಜಾತಿಯೆಂದು ಹೇಳುವಂತಿಲ್ಲ. ಜೊಹಾನದ ಮರಿಗೆ ಅವು ಇರುವುದಿಲ್ಲ. ಆಗ ಹುರುಪೆಗಳ ಸಾಕ್ಷ್ಯವನ್ನು ಕೇಳಬೇಕು. ಲುಗೂಬ್ರಿಸ್ ಗುಂಪಿನಲ್ಲಿ ಹುರುಪೆಗಳು ಬಹಳ ಸಣ್ಣವು. ಪಕ್ಕದ ನಡುವೆ ಕಿವಿರಿನಿಂದ ಬಾಲದ ಬುಡದವರೆಗೆ ಒಂದು ಸಾಲನ್ನು ಎಣಿಸಿದರೆ ಎಂಬತ್ತಕ್ಕೂ ಹೆಚ್ಚು, ಕೆಲವುಗಳಲ್ಲಿ ನೂರನ್ನೂ ಮೀರುತ್ತದೆ. ಮಿಕ್ಕ ಎರಡು ಗುಂಪುಗಳಲ್ಲಿ ಈ ಎಣಿಕೆ ಇದಕ್ಕಿಂತ ಎಷ್ಟೋ ಕಡಮೆ. ಹುರುಪೆಗಳು ಬರಿಗಣ್ಣಿಗೆ ಒಂದೊಂದಾಗಿ ತೋರುತ್ತವೆ. ಅಂಗಡಿಯಲ್ಲಿ ನಿಂತು ಎಣಿಸುವುದು ಆಗದ ಮಾತು. ಮೊಬೈಲಿನಿಂದ ಪಕ್ಕದ ಚಿತ್ರವನ್ನು ತೆಗೆದುಕೊಂಡು ಮನೆಯಲ್ಲಿ ಹಿಗ್ಗಿಸಿ ನಿಧಾನವಾಗಿ ಎಣಿಸಬಹುದು. ಕೊಳ್ಳುವುದನ್ನು ಒಂದು ದಿನ ಮುಂದಕ್ಕೆ ಹಾಕಿದರೆ ನಷ್ಟವೇನೂ ಇಲ್ಲ.

ಮೂರನೆಯ ಪರೀಕ್ಷೆಯೇ ನನಗೆ ಬಹಳ ಪ್ರಿಯವಾದುದು. ಆರು ಸೆಂಟಿಮೀಟರಿನ ಕುಳ್ಳ ಪೈಕ್ ಆಗಲೇ ಪ್ರಾಯಕ್ಕೆ ಬಂದ ಮೀನು. ಹೆಣ್ಣಿನ ಹೊಟ್ಟೆಯಲ್ಲಿ ಕೆಂಪಿನ ಛಾಯೆ, ಬೆನ್ನಿನ ರೆಕ್ಕೆಯಲ್ಲಿ ಕಣ್ಬೊಟ್ಟು ಇವು ಕಾಣುತ್ತವೆ. ಗಂಡುಹೆಣ್ಣುಗಳ ನಡೆಯಲ್ಲಿ ವ್ಯತ್ಯಾಸ ತೋರುತ್ತದೆ. ಅದೇ ಅಳತೆಯ ಲುಗೂಬ್ರಿಸ್ ಇನ್ನೂ ಕೂಸು: ಮೈಗೆ ಮೀರಿದ ತಲೆ, ತಲೆಗೆ ಮೀರಿದ ಕಣ್ಣು, ಎಲ್ಲ ಮರಿಗಳಿಗೂ ಒಂದೇ ಉಡುಪು. ತೊಟ್ಟಿಯಲ್ಲಿರುವ ಹತ್ತು ಮೀನುಗಳಲ್ಲಿ ಒಂದೂ ಗಂಡು ಹೆಣ್ಣೆಂದು ತೋರದಿದ್ದರೆ ಅವು ಮರಿಗಳೆಂದೇ ಭಾವಿಸಿ, ಎಷ್ಟು ಬೆಳೆಯಬಹುದೆಂಬುದಕ್ಕೆ ಬೇರೆ ಆಧಾರವು ಸಿಕ್ಕುವವರೆಗೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಮೀನು ಯಾವ ನದಿಯಿಂದ ಬಂದಿತೆಂದು ಕೇಳುವುದನ್ನು ಮರೆಯಬಾರದು. ಅನೇಕ ಪೈಕ್‌ಗಳು ಈಗಲೂ ಕಾಡುನದಿಯಿಂದಲೇ ಹಿಡಿದು ತಂದವು. ಆದುದರಿಂದ ರಫ್ತುದಾರನ ಪಟ್ಟಿಯಲ್ಲಿ ನದಿಯ ಹೆಸರಿರುವುದುಂಟು. ಮೀನಿನ ಹೆಸರಿಗಿಂತ ನದಿಯ ಹೆಸರು ಹೆಚ್ಚು ವಿಶ್ವಾಸಾರ್ಹ.

ಈ ಮೂರು ಗುಂಪುಗಳ ಹೊರಗೆ ಇನ್ನೂ ಕೆಲವುಂಟು. ಉರುಗ್ವೆ ನದಿಯಲ್ಲಿ ಒಂದೇ ಮೂಲದಿಂದ ಕವಲೊಡೆದ ಹಲವು ಪ್ರಭೇದಗಳಿದ್ದು, ಒಂದು ಬಸವನಹುಳುಗಳನ್ನು ಜಗಿಯುತ್ತದೆ, ಇನ್ನೊಂದಕ್ಕೆ ತೊಡೆದಿಟ್ಟಂತೆ ದಪ್ಪ ತುಟಿಗಳಿವೆ. ತಂಪು ಚಳಿಗಾಲಕ್ಕೆ ಹೊಂದಿಕೊಂಡ ಈ ದಕ್ಷಿಣದ ಮೀನುಗಳನ್ನು ವರ್ಷವಿಡೀ ಬಿಸಿನೀರಿನಲ್ಲಿ ಇಡುವುದು ಸರಿಯಲ್ಲ. ಟೆಲಿಯೋಸಿಕ್ಲಗಳು ರಭಸದ ನೀರಿನ ಚಿಕ್ಕ ಮೀನುಗಳು. ಗಾಳಿಚೀಲವು ಕುಗ್ಗಿರುವುದರಿಂದ ತೇಲದೆ ತಳದ ಮೇಲೆ ಹಾರಿ ಹಾರಿ ಚಲಿಸುತ್ತವೆ. ಇವು ಅಪರೂಪಕ್ಕೆ ಮಾತ್ರ ಪೇಟೆಗೆ ಬರುತ್ತವೆ.

ಗುಂಪು ಗೊತ್ತಾದ ಮೇಲೆ ಮೀನನ್ನು ಆರಿಸುವ ಕೆಲಸ. ತೊಟ್ಟಿಯ ಮುಂದೆ ಕಾಲು ಗಂಟೆಯಾದರೂ ನಿಲ್ಲಬೇಕು. ಹೊಟ್ಟೆ ಒಳಕ್ಕೆ ಸೆಳೆದುಕೊಂಡಿರುವ, ಬೆನ್ನು ಕತ್ತಿಯ ಅಲಗಿನಂತಾಗಿರುವ ಮೀನನ್ನು ಕನಿಕರಪಟ್ಟು ಕೊಳ್ಳಬಾರದು. ಮೇಲಿನ ಮೂಲೆಯಲ್ಲಿ ಹರಿದ ರೆಕ್ಕೆಗಳೊಡನೆ ನಿಂತಿರುವುದು ಉಳಿದವುಗಳಿಂದ ಪೆಟ್ಟು ತಿನ್ನುತ್ತಿರುವ ಮೀನು. ತಲೆಯ ಮೇಲೆ ಸೂಜಿ ಚುಚ್ಚಿದಂತಹ ಹಳ್ಳಗಳಿದ್ದರೆ ಕೆಟ್ಟ ನೀರಿನಲ್ಲಿ ಬಹಳ ದಿನ ಕಳೆದುದು. ಅಂಗಡಿಯವರನ್ನು ಕೇಳಿ ಎದುರಿಗೇ ಆಹಾರವನ್ನು ಹಾಕಿಸಿ ನೋಡುವುದು ಮೇಲು.

ಎಷ್ಟು ಮೀನು? ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಪೈಕ್ ಸಿಕ್ಲಿಡ್ ಬಾಯಿಗೆ ಹಿಡಿಸದ ಅನ್ಯ ಮೀನುಗಳನ್ನು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ಅದರ ಹಗೆಯೆಲ್ಲ ಸ್ವಜಾತಿಯ ಮೇಲೆ. ಮೂರನ್ನು ತಂದರೆ ಬಲಿಷ್ಠವಾದುದು ಉಳಿದೆರಡನ್ನು ಮುಗಿಸುವುದು, ನನಗಾದುದೂ ಅದೇ. ಒಂದನ್ನೇ ಸಾಕಬೇಕು, ಇಲ್ಲವೆ ಆರೇಳು ಮರಿಗಳನ್ನು ಒಂದೇ ದಿನ ಬಿಟ್ಟು, ಜೊತೆ ಕೂಡಿದೊಡನೆ ಮಿಕ್ಕವನ್ನು ಬೇರೆ ಕಡೆಗೆ ಸಾಗಿಸಬೇಕು. ಕೂಡಿದ ಜೊತೆಯೂ ಮುನಿಯುವುದುಂಟಾದುದರಿಂದ ಒಂದನ್ನೊಂದು ಕಾಣದಂತೆ ಕೊರಡು, ಕಲ್ಲು, ಕೊಳವೆಯ ತುಂಡುಗಳನ್ನು ಅಡ್ಡವಾಗಿ ಇಡಬೇಕು. ಇತರ ಮೀನುಗಳನ್ನು ಆರಿಸುವಾಗ ಅವುಗಳ ಉದ್ದವನ್ನು ನೋಡಿದರೆ ಸಾಲದು, ಮೈಯ ಎತ್ತರವನ್ನು ನೋಡಬೇಕು. ತೆಳುವಾದ ಉದ್ದ ಮೀನು ಸುಲಭವಾಗಿ ಗಂಟಲಿಗೆ ಇಳಿಯುತ್ತದೆ.

ಕುಳ್ಳ ಜೊತೆಯೊಂದಕ್ಕೆ ಮೂರಡಿಯ ತೊಟ್ಟಿ ಸಾಕು. ನಡುವಿನವಕ್ಕೆ ನಾಲ್ಕರಿಂದ ಐದು ಅಡಿ ಬೇಕು. ದೊಡ್ಡವುಗಳಿಗೆ ಉದ್ದ ಆರಡಿ, ಅಗಲ ಎರಡಡಿಗೆ ಕಡಮೆಯಾದುದು ಸೆರೆಮನೆಯೇ ಸರಿ. ಉದ್ದ, ಅಗಲ ಮುಖ್ಯ; ಎತ್ತರವಲ್ಲ. ಮೇಲೆ ಭದ್ರವಾದ ಮುಚ್ಚಳವಿರಬೇಕು, ಏಕೆಂದರೆ ಇವು ಬೆದರಿದಾಗ ನೆಗೆಯುತ್ತವೆ. ಅಮೆಜಾನಿನ ಪ್ರಭೇದಗಳಿಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ನೀಗ್ರೋ ನದಿಯ ನೀರು ಚಹದ ಬಣ್ಣದ, ಮೆದುವಾದ, ಆಮ್ಲೀಯವಾದ ನೀರು. ಅಲ್ಲಿಯ ಮೀನನ್ನು ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಬದುಕಿಸಬಹುದಾದರೂ ಮೊಟ್ಟೆಗಳು ಮರಿಯಾಗುವುದು ಕಷ್ಟ. ಮಳೆಯ ನೀರನ್ನು ಹಿಡಿದು ಬೆರಸುವುದು ಸುಲಭವಾದ ಉಪಾಯ. ಮಾಂಸಾಹಾರಿ ಮೀನು ನೀರನ್ನು ಬೇಗ ಕೆಡಿಸುವುದರಿಂದ ವಾರಕ್ಕೊಮ್ಮೆ ಮೂರನೆಯ ಒಂದು ಭಾಗವನ್ನಾದರೂ ಬದಲಾಯಿಸಬೇಕು.

ಜೀವಂತ ಮೀನನ್ನೇ ತಿನ್ನಿಸಬೇಕೆಂಬುದು ತಪ್ಪು ತಿಳುವಳಿಕೆ. ಅಗ್ಗದ ಮೇವುಮೀನು ರೋಗಗಳನ್ನು ಹೊತ್ತು ತರುತ್ತದೆ. ಗೋಲ್ಡ್‌ಫಿಷ್ ಮಾಂಸದಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವವೂ ಇದೆ. ಎರೆಹುಳು, ಸಿಗಡಿಯ ತುಂಡು ಇವುಗಳಿಂದ ಮೊದಲು ಮಾಡಿ ಕ್ರಮೇಣ ಒಣ ಗುಳಿಗೆಗಳಿಗೆ ಒಗ್ಗಿಸಬಹುದು.

ಹೀಗೆ ನೋಡಿಕೊಂಡವರಿಗೆ ದೊರೆಯುವ ಫಲವು ಸಾಮಾನ್ಯವಾದುದಲ್ಲ. ಪೈಕ್ ಸಿಕ್ಲಿಡ್‌ಗಳಲ್ಲಿ ಪ್ರಣಯಕ್ಕೆ ಮೊದಲು ಮಾಡುವುದು ಹೆಚ್ಚಾಗಿ ಹೆಣ್ಣು. ಕೆಂಪೇರಿದ ಹೊಟ್ಟೆಯನ್ನು ಗಂಡಿನ ಎದುರಿಗೆ ತೋರಿಸುತ್ತ, ಮೈಯನ್ನು ಬಿಲ್ಲಿನಂತೆ ಬಾಗಿಸಿ ನಡುಗುತ್ತದೆ. ಆಮೇಲೆ ಎರಡೂ ಪೊಟರೆಯೊಂದನ್ನು ಹೊಕ್ಕು ಅದರ ಗೋಡೆಗೋ ಮೇಲ್ಛಾವಣಿಗೋ ಮೊಟ್ಟೆಗಳನ್ನು ಅಂಟಿಸುತ್ತವೆ. ಹೆಣ್ಣು ಮೊಟ್ಟೆಗಳ ಬಳಿಯಲ್ಲಿ, ಗಂಡು ಹೊರಗಿನ ಗಡಿಯಲ್ಲಿ, ಹೀಗೆ ಕಾವಲು ನಡೆಯುತ್ತದೆ. ಹೊಂಚುಗಾರ ಮೀನು ಮರಿಗಳ ಹಿಂಡನ್ನು ಸುತ್ತಲೂ ಕಾಯುತ್ತ ಕರೆದೊಯ್ಯುವುದನ್ನು ಕಂಡವರು ಅದರ ಅಪರಾಧಗಳನ್ನೆಲ್ಲ ಮನ್ನಿಸಿಬಿಡುತ್ತಾರೆ.

ಕೊನೆಯದಾಗಿ, ಮೀನು ತೊಟ್ಟಿಯನ್ನು ಮೀರಿ ಬೆಳೆದರೆ ಏನು ಮಾಡಬೇಕು? ಕೆರೆಗೋ ಹೊಳೆಗೋ ಬಿಡುವ ಆಲೋಚನೆಯನ್ನು ಮಾತ್ರ ಮಾಡಬಾರದು. ಟ್ರಿನಿಡಾಡಿನ ಗಪ್ಪಿಗಳು ಪೈಕ್‌ನೊಡನೆ ಎಷ್ಟೋ ತಲೆಮಾರುಗಳು ಬಾಳಿ ಅದಕ್ಕೆ ಹೊಂದಿಕೊಂಡವು. ನಮ್ಮ ಹೊಳೆಗಳ ಮೀನುಗಳು ಇಂತಹ ಬೇಟೆಗಾರನನ್ನು ಕಂಡಿಲ್ಲ. ದೊಡ್ಡ ತೊಟ್ಟಿಯುಳ್ಳ ಹವ್ಯಾಸಿಗೆ ಒಪ್ಪಿಸಬೇಕು, ಇಲ್ಲವೆ ಅಂಗಡಿಗೆ ಹಿಂದಿರುಗಿಸಬೇಕು. ನನ್ನ ಮೀನನ್ನು ಏಳಡಿಯ ತೊಟ್ಟಿಯಿರುವ ಸ್ನೇಹಿತರೊಬ್ಬರಿಗೆ ಕೊಡಲು ಮೂರು ತಿಂಗಳು ಹುಡುಕಬೇಕಾಯಿತು. ಮೊನ್ನೆ ಅದನ್ನು ನೋಡಿಬಂದೆನು. ಕೊರಡಿನ ನೆರಳಿನಲ್ಲಿ ಹಿಂದಿನಂತೆಯೇ ನಿಂತಿತ್ತು. ತಲೆಯ ಮೇಲೆ ಒಂದು ಚುಕ್ಕೆಯೂ ಉಳಿದಿರಲಿಲ್ಲ.